ಟಕ್ ಎನ್ನದ ಗಡಿಯಾರ

ತಮ್ಮನ ಮೇಲೆ ನನಗೆ ಅನುಮಾನ ಹುಟ್ಟಿದ್ದು ಒಂದು ಸದ್ದು ಕೇಳದ್ದರಿಂದ.

ಮನೆಯ ಮುಂದಿನ ಕೋಣೆಯೇ ನಮ್ಮಿಬ್ಬರ ಅಂಗಡಿ. ಹಳೆಯ ಕಾರುಗಳ ಡ್ಯಾಶ್‌ಬೋರ್ಡ್ ಗಡಿಯಾರ ರಿಪೇರಿ ಮಾಡುತ್ತೇವೆ. ಅದರೊಳಗಿನ ಪುಟ್ಟ ಸ್ಪ್ರಿಂಗ್ ಸಡಿಲಾದಾಗಲೆಲ್ಲ ಎರಡು ಲೋಹದ ತುದಿಗಳು ತಾಗಿ, ಕಿಡಿ ಹಾರಿ, ಒಂದು ತೋಳು 'ಟಕ್' ಎಂದು ಎಗರಿ ಅದನ್ನು ಮತ್ತೆ ಬಿಗಿಯುತ್ತದೆ. ಹಿಂದಿನ ಸೀಟಿನಲ್ಲಿ ತೂಕಡಿಸುವವರಿಗೂ ಆ ಟಕ್ ಕೇಳಬೇಕು.

ಡಾಕ್ಟರಮ್ಮನ ಕಾರಿನ ಗಡಿಯಾರವನ್ನು ತಮ್ಮ ರಿಪೇರಿ ಮಾಡಿ, ಬ್ಯಾಟರಿಗೆ ತಂತಿ ಕೊಟ್ಟು ಮೇಜಿನ ಮೇಲಿಟ್ಟಿದ್ದ. ಮುಳ್ಳು ಓಡುತ್ತಿತ್ತು, ಟಕ್ ಮಾತ್ರ ಇಲ್ಲ. ಅಂದರೆ ಕಳ್ಳ ಹಳೆಯ ಯಂತ್ರ ಕಿತ್ತು, ಅಗ್ಗದ ಹೊಸ ಯಂತ್ರ ತುರುಕಿದ್ದಾನೆ. ಹಳೆಯದನ್ನು ಕಣ್ಣಿಗೊತ್ತಿಕೊಂಡು ಕೊಳ್ಳುವವರಿದ್ದಾರೆ. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು?

ಆಮೇಲೆ ಎಲ್ಲವೂ ಕಣ್ಣಿಗೆ ಬೀಳತೊಡಗಿತು. ಇತ್ತೀಚೆಗೆ ನನ್ನೊಡನೆ ಗಂಟಲು ಹರಿಯುವಂತೆ ಕೂಗುತ್ತಾನೆ. ಅಣ್ಣನೆಂಬ ಮರ್ಯಾದೆಯೇ ಇಲ್ಲ. ನನ್ನ ಹೆಂಡತಿ ಜೊತೆ ಮಾತ್ರ ಅಡುಗೆಮನೆಯಲ್ಲಿ ಗುಸುಗುಸು. ನಾನು ಕಾಲಿಟ್ಟರೆ ಇಬ್ಬರೂ ಗಪ್‌ಚುಪ್. ಗಿರಾಕಿ ಬಂದರೆ ನಾನು ತಲೆ ಎತ್ತುವಷ್ಟರಲ್ಲಿ ಅವನೇ ಬಾಗಿಲಿಗೆ ಓಡಿರುತ್ತಾನೆ.

ನಾನೇ ಕೈಹಿಡಿದು ಕೆಲಸ ಕಲಿಸಿದ ತಮ್ಮ! ಇನ್ನು ಈ ಅಂಗಡಿಯಲ್ಲಿ ಒಂದೋ ನಾನು, ಇಲ್ಲವೇ ಅವನು ಎಂದು ತೀರ್ಮಾನಿಸಿದೆ.

"ಏನೋ, ಡಾಕ್ಟರಮ್ಮನ ಹಳೇ ಮಿಷನ್ ಯಾರಿಗೆ ಮಾರಿದೆ?"

ಅವನು ಬೆಪ್ಪಾಗಿ ನಿಂತ. "ಅಣ್ಣಾ, ಏನ್ ಹೇಳ್ತಿದೀಯ?"

"ನಾಟಕ ಬೇಡ. ಬೆಳಗ್ಗಿಂದ ಇದರ ಮುಂದೇನೇ ಕೂತಿದೀನಿ. ಒಂದ್ಸಲ ಆದ್ರೂ ಟಕ್ ಅಂದಿದ್ಯಾ? ಕರಿ ನಿಮ್ಮತ್ತಿಗೇನ. ಅವಳ ಮುಂದೇನೇ ಬಿಚ್ಚಿ ತೋರಿಸ್ತೀನಿ."

ಹೆಂಡತಿ ಬಂದವಳು ತಮ್ಮನ ಮುಖ ನೋಡಿದಳು. ಅವನು ತಲೆ ತಗ್ಗಿಸಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂದುಕೊಂಡೆ. ಅವಳು ನೋಡಲಾರೆನೆಂಬಂತೆ ಕಿಟಕಿಯ ಕಡೆ ತಿರುಗಿ ನಿಂತಳು.

ತಿರುಪು ಬಿಚ್ಚಿ ಹಿಂದಿನ ಮುಚ್ಚಳ ತೆಗೆದೆ. ಒಳಗೆ ಹಳೆಯ ಯಂತ್ರವೇ ಇತ್ತು, ಉಜ್ಜಿ ಫಳಫಳ ಮಾಡಿಟ್ಟಿದ್ದ. ನೋಡುತ್ತಿದ್ದಂತೆ ತುದಿಗಳು ತಾಗಿದವು. ನೀಲಿ ಕಿಡಿ ಹಾರಿತು. ತೋಳು ಎಗರಿತು.

ಸದ್ದೇ ಇಲ್ಲ. ಆದರೆ ಕಿಟಕಿಯ ಬಳಿ ಬೆನ್ನು ಮಾಡಿ ನಿಂತಿದ್ದ ಹೆಂಡತಿ ಬೆಚ್ಚಿ ಇತ್ತ ತಿರುಗಿದಳು.

ಅವಳು ಬಂದು ನನ್ನ ಕಿವಿಯ ಹತ್ತಿರ ಬಾಗಿದಳು. "ಇವತ್ತಿಂದಲ್ಲ ರೀ. ಸುಮಾರು ತಿಂಗಳಾಯ್ತು. ನಿಮಗೆ ಹೇಗೆ ಹೇಳೋದು ಅಂತ ನಾವಿಬ್ರೂ..."

ನಾಚಿಕೆಯಿಂದ ತಮ್ಮನ ಮುಖ ನೋಡಲಾಗಲಿಲ್ಲ. ಗಡಿಯಾರವನ್ನು ಅಂಗೈಯಲ್ಲಿ ಹಿಡಿದು ಕಾದೆ. ಸ್ವಲ್ಪ ಹೊತ್ತಿಗೆ ಬೆರಳಿಗೆ ಸಣ್ಣದೊಂದು ಅದುರು ತಾಗಿತು.

"ಈಗ ಟಕ್ ಅಂತೇನೋ?"

"ಅಂತು ಅಣ್ಣಾ," ಎಂದು ತಮ್ಮ ಗಂಟಲು ಹರಿಯುವಂತೆ ಕೂಗಿದ.