ಶೋಶಾಮ್ಮ ಚೇಚಿಯ ಖಾಯಂ ನಂಬರು

"ಕಡಲಿಗೆ ಸೂಜಿ ಬಿತ್ತಾ? ಯಾವ ಮೀನು ನುಂಗ್ತು, ಆ ಮೀನು ಈಗ ಯಾರ ಮನೆ ಚಟ್ಟೀಲಿ ಕುದೀತಿದೆ ಅಂತ ಹೇಳ್ತೀನಿ. ಅಂಥದ್ರಲ್ಲಿ ನಮ್ಮ ಲೈಬ್ರರಿ ಕಾಗದ ಯಾವ ಲೆಕ್ಕ? ನನ್ನನ್ನ ಕೇಳಿ, ಸಾಕು!"

ನಮಗೆಲ್ಲ ಚೇಚಿ, ಅಂದರೆ ಅಕ್ಕ, ಆಗಿದ್ದ ಶೋಶಾಮ್ಮ ಹೀಗೆ ಕೊಚ್ಚಿಕೊಳ್ಳುತ್ತ, ಎಡಭುಜ ಮುಂದೆ ಮಾಡಿ, ಕಿಕ್ಕಿರಿದ ಬಸ್ಸಿನಲ್ಲಿ ದಾರಿ ಬಿಡಿಸಿಕೊಳ್ಳುವವರಂತೆ ನಡೆದು ಬರುತ್ತಿದ್ದರು. ಎದುರಿಗೆ ನರಪಿಳ್ಳೆ ಇಲ್ಲದಿದ್ದರೂ ಹಾಗೆಯೇ. ಕೊಲ್ಲಂ ಕಡೆಯ ಹಿನ್ನೀರಿನ ದಂಡೆಯಲ್ಲಿರುವ ನಮ್ಮ ಜಲಜೀವಿ ಸಂಶೋಧನಾ ಸಂಸ್ಥೆಗೆ ಅವರು ಇಪ್ಪತ್ತೆಂಟು ವರ್ಷಗಳಿಂದ ಗ್ರಂಥಪಾಲಕಿ. ಅದೇ ಸಂಸ್ಥೆಯ ಅಂಕಿ-ಅಂಶ ವಿಭಾಗದಲ್ಲಿ ನಾನು ತಲೆಗೂದಲು ಸವೆಸಿದವನು. ಸೀರೆಯ ಮೇಲೆ, ರಸಾಯನಶಾಲೆಯವರು ಎಸೆದಿದ್ದ ನೀಲಿ ಕೋಟನ್ನು ಚೇಚಿ ಸದಾ ತೊಡುತ್ತಿದ್ದರು. ಆಮ್ಲ ತಿಂದ ತೂತುಗಳಿದ್ದ ಆ ಕೋಟಿನ ಜೇಬುಗಳಲ್ಲಿ ಯಾವ ವರದಿ ಎಲ್ಲಿದೆಯೆಂಬ ಚೀಟಿಗಳು ತುಂಬಿರುತ್ತಿದ್ದವು. ಒಮ್ಮೆ ಕೋಟನ್ನು ಒಗೆಯಲು ಹಾಕಿದ್ದಕ್ಕೆ ಸಂಸ್ಥೆಯ ಕೆಲಸ ಮೂರು ದಿನ ನಿಂತಿತು ಎಂದರೆ ನೀವು ಉತ್ಪ್ರೇಕ್ಷೆ ಎನ್ನುತ್ತೀರಿ. ಒಪ್ಪಿದೆ, ನಿಂತದ್ದು ಎರಡೂವರೆ ದಿನ.

ನಮ್ಮಲ್ಲೊಂದು ಘನ ಸಂಪ್ರದಾಯವಿತ್ತು. ಹೊಸ ನಿರ್ದೇಶಕರು ಬಂದರೆಂದರೆ ಮೊದಲ ತಿಂಗಳಲ್ಲೇ ಸಂಸ್ಥೆಯ ಜಾಲತಾಣವನ್ನು ಕೆಡವಿ ಹೊಸದು ಕಟ್ಟಿಸಬೇಕು. ಮುಖಪುಟದಲ್ಲಿ ಅವರ ಚಿತ್ರ ಹಿಂದಿನವರ ಚಿತ್ರಕ್ಕಿಂತ ನಾಲ್ಕು ಬೆರಳು ಅಗಲವಿರಬೇಕು. ಈ ಪಟ್ಟಾಭಿಷೇಕದ ಗದ್ದಲದಲ್ಲಿ ವರದಿಗಳೆಲ್ಲ ಹಳೆಯ ಜಾಗ ಬಿಟ್ಟು ಎಲ್ಲೆಲ್ಲಿಗೋ ಸೇರುತ್ತಿದ್ದವು. ಲೋಕದ ವಿದ್ವಾಂಸರು ತಮ್ಮ ಲೇಖನಗಳ ಅಡಿಯಲ್ಲಿ ಬರೆದುಕೊಂಡಿದ್ದ ಕೊಂಡಿಗಳು ಒಂದೇ ರಾತ್ರಿಯಲ್ಲಿ ನಿರ್ಜೀವವಾಗುತ್ತಿದ್ದವು. ಇದಕ್ಕೆ ಮದ್ದು ಚೇಚಿಗೆ ಗೊತ್ತಿತ್ತು. ಪ್ರತಿ ವರದಿಗೂ ಒಂದು ಖಾಯಂ ನಂಬರು ಕೊಟ್ಟು, ಲೋಕಕ್ಕೆಲ್ಲ ಕಾಣುವ ನೋಂದಣಿಯಲ್ಲಿ ಬರೆಸಿಬಿಟ್ಟರಾಯಿತು. ಕಡತ ಜಾಗ ಬದಲಿಸಿದಾಗಲೆಲ್ಲ ಅಲ್ಲಿಗೊಂದು ಮಾತು ತಿಳಿಸಿದರೆ, ಆ ನಂಬರನ್ನು ಒತ್ತಿದವನು ನೆಟ್ಟಗೆ ಕಡತದೆದುರು ಬಂದು ನಿಲ್ಲುತ್ತಾನೆ.

ಆಗಷ್ಟೇ ಬಂದಿದ್ದ ನಿರ್ದೇಶಕ ಡಾ. ಉಣ್ಣಿತ್ತಾನ್, ಇದನ್ನೇ ಕೇಳಿ ಚೇಚಿ ಬರೆದ ಅರ್ಜಿ ಓದಿ ಜೇನು ಸುರಿಯುವಂತೆ ನಕ್ಕರು. "ನೀವಿರೋವಾಗ ನಂಬರ್ ಯಾಕೆ ಚೇಚೀ? ನಮ್ಮ ನಂಬರ್ ಒನ್ ನೀವೇ ಅಲ್ವಾ?"

ಹೊಗಳಿಕೆಗೆ ಸೋಲದ ಪ್ರಾಣಿ ಹಿನ್ನೀರಿನಲ್ಲೂ ಇಲ್ಲ, ದಂಡೆಯಲ್ಲೂ ಇಲ್ಲ. ಚೇಚಿ ಅರ್ಜಿಯನ್ನು ಮಡಚಿ ಜೇಬಿಗಿಟ್ಟು, ಮರಗೆಣಸು, ಮೀನು ಸಾರು ಉಣ್ಣಲು ಹೋದರು.

ಆ ವರ್ಷ ಹಿನ್ನೀರಿನಲ್ಲಿ ಚಿಪ್ಪುಮೀನು ಬಾಚುವುದನ್ನು ವರ್ಷಪೂರ್ತಿ ನಿಷೇಧಿಸಬೇಕೇ ಎಂಬ ವಿಚಾರಣೆ ಜಿಲ್ಲೆಯಲ್ಲಿ ನಡೆಯಿತು. ಮೊಟ್ಟೆಯಿಡುವ ಮೂರು ತಿಂಗಳು ಬಾಚದೆ ಬಿಟ್ಟರೆ ಸಾಕು, ಸಂತತಿ ತಾನಾಗಿ ತುಂಬಿಕೊಳ್ಳುತ್ತದೆ ಎಂದು ನಮ್ಮ ಸಂಸ್ಥೆ ಹತ್ತೊಂಬತ್ತು ವರ್ಷ ಕೆಸರಿನಲ್ಲಿ ಎಣಿಸಿ ಬರೆದ ವರದಿಯೊಂದಿತ್ತು. ಬಾಚುವವರ ಸಂಘದ ಸುಗತನ್ ಅದನ್ನೇ ನಂಬಿ ಕೊಂಡಿಯನ್ನು ಅರ್ಜಿಯಲ್ಲಿ ಬರೆದುಕೊಟ್ಟಿದ್ದ. ಅಧಿಕಾರಿ ಎಲ್ಲರೆದುರು ಕೊಂಡಿಯನ್ನು ಒತ್ತಿದರು. ಪರದೆಯ ಮೇಲೆ ಬಂದದ್ದು ಎರಡೇ ಪದ: ಪುಟ ಸಿಗಲಿಲ್ಲ.

"ಇಲ್ಲದ ವರದಿ ತೋರಿಸ್ತೀಯೇನಯ್ಯಾ?"

ಸುಗತನ್ ಅಲ್ಲಿಂದಲೇ ಚೇಚಿಗೆ ಫೋನ್ ಮಾಡಿದ. ಚೇಚಿ ಜೇಬು ಕೊಡವಿದರು, ಕಪಾಟುಗಳನ್ನು ಬೋರಲು ಹಾಕಿದರು. ಅಚ್ಚಿನ ಪ್ರತಿಯನ್ನು ಕಂಪ್ಯೂಟರಿಗೆ ಏರಿಸುತ್ತೇವೆಂದು ಒಯ್ದ ಗುತ್ತಿಗೆದಾರ ಅದನ್ನು ರದ್ದಿಗೆ ಹಾಕಿದ್ದ. ಏರಿಸಿದ ಕಡತಕ್ಕೆ ಯಾವ ಪುಣ್ಯಾತ್ಮ ಏನು ಹೆಸರಿಟ್ಟನೋ ದೇವರೇ ಬಲ್ಲ. ಸಂಜೆ ಐದಕ್ಕೆ ವಿಚಾರಣೆ ಮುಗಿದು ನಿಷೇಧ ಬಿತ್ತು. ನಾನೂರು ಮನೆಗಳ ದೋಣಿಗಳು ನೀರಿಗಿಳಿಯದೆ ದಡದಲ್ಲೇ ಉಳಿದವು.

ಮರುದಿನ ಸುಗತನ್ ಗ್ರಂಥಾಲಯಕ್ಕೆ ಬಂದು ನಿಂತ. ಕೂಗಾಡಲಿಲ್ಲ.

"ಚೇಚೀ, ನಿಮ್ಮ ಕಾಗದದ ವಿಳಾಸ ಬದಲಾಯ್ತು, ಸರಿ. ನಮ್ಮ ಹೊಟ್ಟೆ ಇದ್ದಲ್ಲೇ ಇದೆಯಲ್ಲ?"

ಅಂದು ಚೇಚಿ ಊಟ ಮಾಡಲಿಲ್ಲ. ನನಗೆ ಹೇಳಿದ್ದು ಒಂದೇ ಮಾತು: "ಸಾರ್, ಡೈರೆಕ್ಟರು ನನ್ನ ಹೊಗಳಿದ್ರು. ನಾನು ಕೂತ್ಕೊಂಡೆ."

ಮುಂದಿನದನ್ನು ನಾನು ಸಿಟ್ಟೆನ್ನುವುದಿಲ್ಲ. ಅದು ಬೇಸಿಗೆಯ ಕಡಲುಬ್ಬರ. ಆ ಎಡಭುಜ ನಿರ್ದೇಶಕರ ಕೋಣೆಯ ಬಾಗಿಲನ್ನು ಎಷ್ಟು ಸಲ ತಳ್ಳಿತೆಂದರೆ, ಕೊನೆಗೆ ಬಾಗಿಲು ಅವರ ಹೆಜ್ಜೆಯ ಸದ್ದಿಗೇ ತೆರೆದುಕೊಳ್ಳುತ್ತಿತ್ತು.

"ಹೊಸ ಜಾಲತಾಣ ಎಷ್ಟು ಚೆನ್ನಾಗಿದೆ ನೋಡಿ ಚೇಚೀ," ಎಂದರು ಉಣ್ಣಿತ್ತಾನ್.

"ಚೆನ್ನಾಗಿದೆ ಸಾರ್. ನಿಮ್ಮ ಮೀಸೆಯ ಒಂದೊಂದು ಕೂದಲೂ ಸಿಗತ್ತೆ. ಹತ್ತೊಂಬತ್ತು ವರ್ಷದ ಕೆಲಸ ಸಿಗಲ್ಲ. ಮನೆ ಬದಲಾಯಿಸಿದಾಗ ಮಕ್ಕಳ ಹೆಸರೂ ಬದಲಾಯಿಸ್ತೀರಾ?"

ಮಡಚಿಟ್ಟಿದ್ದ ಅರ್ಜಿಗೆ ಸಹಿ ಬಿತ್ತು. ಹನ್ನೊಂದನೆಯ ದಿನ ನಿವೃತ್ತ ಎಣಿಕೆದಾರನೊಬ್ಬನ ಹಳೆಯ ಕಂಪ್ಯೂಟರಿನಲ್ಲಿ, ಮೊಮ್ಮಗಳ ನಾಮಕರಣದ ಚಿತ್ರಗಳ ನಡುವೆ ವರದಿ ಸಿಕ್ಕಿತು. ಮೊದಲ ನಂಬರು ಅದಕ್ಕೇ. ಆಮೇಲೆ ಎರಡು ಸಾವಿರದ ಮುನ್ನೂರು ವರದಿಗಳಿಗೆ ಚೇಚಿ ಒಂದೊಂದಾಗಿ ನಂಬರು ಕೊಟ್ಟರು. ಜಾಲತಾಣದವರು ಕಡತ ಕದಲಿಸಿದ ದಿನವೇ ನೋಂದಣಿಗೆ ತಿಳಿಸಬೇಕೆಂದು ನಿರ್ದೇಶಕರಿಂದ ಲಿಖಿತ ಆಜ್ಞೆ ಹೊರಡಿಸಿದರು. ಸುಗತನ್ ಸಲ್ಲಿಸಿದ ಮೇಲ್ಮನವಿಯ ದಿನ ಅಧಿಕಾರಿ ನಂಬರನ್ನು ಒತ್ತಿದರು; ವರದಿ ಬಾಯಿ ತೆರೆಯಿತು. ನಿಷೇಧ ಮೂರು ತಿಂಗಳಿಗಿಳಿಯಿತು. ಆದರೆ ಅಷ್ಟರಲ್ಲಿ ನಾನೂರು ಮನೆಗಳು ಐದು ತಿಂಗಳು ಸುಮ್ಮನೆ ಕೂತಿದ್ದವು. ಅದಕ್ಕೆ ಯಾರೂ ಕ್ಷಮೆ ಕೇಳಲಿಲ್ಲ. ನನಗೆ ಇಂದಿಗೂ ಮೈ ಉರಿಯುವುದು ಅದಕ್ಕೇ.

ಜ್ಞಾನವನ್ನು ಹುಟ್ಟಿಸಿದವರಿಗೆ ಶಾಲು, ಹಾರ, ವೇದಿಕೆ. ಅದು ಬೇಕಾದವನ ಕೈಗೆ ಬೇಕಾದ ಗಳಿಗೆಯಲ್ಲಿ ದೊರಕುವಂತೆ ಕಾಯುವವರಿಗೆ ಮೂಲೆಯ ಕುರ್ಚಿ. ಈ ಜಾತಿಯವರು ಕೆಲಸ ಮಾಡಿದಾಗ ಯಾರ ಕಣ್ಣಿಗೂ ಬೀಳುವುದಿಲ್ಲ. ಮಾಡದಿದ್ದ ದಿನ ಊರೇ ಉಪವಾಸ ಬೀಳುತ್ತದೆ.

ಚೇಚಿಯ ಬೀಳ್ಕೊಡುಗೆಯಲ್ಲಿ ಉಣ್ಣಿತ್ತಾನರು ಅಭ್ಯಾಸಬಲದಿಂದ ಮತ್ತೆ ಜೇನು ಸುರಿಸಿದರು. "ಇಷ್ಟೆಲ್ಲ ನಂಬರ್ ಕೊಟ್ರಿ, ಚೇಚೀ. ಆದ್ರೆ ನಾಳೆಯಿಂದ ಜನ ನಿಮ್ಮನ್ನ ಕೇಳೋ ಹಾಗೇ ಇಲ್ಲವಲ್ಲ!"

ಚೇಚಿ ಹಾರ ತೆಗೆದು ಮೇಜಿನ ಮೇಲಿಟ್ಟರು.

"ಕೇಳಬಾರದು ಅಂತಲೇ ಕೊಟ್ಟಿದ್ದು, ಸಾರ್."