ಲಿಂಕ್ ಹಾಕೇನ್ರಿ ಕಾಕಾ

ಲಿಂಕ್ ಹಾಕೇನ್ರಿ ಕಾಕಾ, ಬಿಚ್ರಿ ಇನ್ನ—ಎಷ್ಟು ಸಲೀಸಾಗಿ ಹೇಳಿದಳು, ನಗುತ್ತಾ ಹೇಳಿದಳೇ, ಪ್ಯಾನೆಲ್ಲಿನ ಆಚೆ ನಿಂತಿದ್ದಾಳೆ, ಮುಖ ಕಾಣುವುದಿಲ್ಲ, ಅವಳ ಬ್ಯಾಟರಿಯ ಬೆಳಕಷ್ಟೇ. ಈ ನಾಗರತ್ನಾ, ಬೆಳಗಾವಿಯಿಂದ ಬೆಳಿಗ್ಗೆ ಬಂದ ಹೊಸ ಎಂಜಿನಿಯರ್, ನನ್ನನ್ನೇ ಕರೆಯಬೇಕಿತ್ತೇ, ಈ ಖಾನಾಪುರದ ಕರೆಂಟ್ ಸ್ಟೇಶನ್ನಿನಲ್ಲಿ ಬಾಳೇಶನಿದ್ದ, ಈರಯ್ಯನಿದ್ದ—ಇಲ್ರೀ, ಸಿದ್ದಪ್ಪ ಕಾಕಾನ ಬರ್ಲಿ, ಅಪ್ಪನ ಜೋಡಿ ಕೆಲಸ ಮಾಡಿದವ್ರು. ಅಪ್ಪನ ಜೋಡಿ. ಯಾಕಂದಳು ಹಾಗೆ. ನಿನ್ನೆ ಕಣಕುಂಬಿ ಲೈನಿನ ಮೇಲೆ ಟೊಂಗೆ ಬಿತ್ತು, ತಕ್ಷಣ ಲೈನ್ ಬಂದ್ ಮಾಡಬೇಕಾದ ನಮ್ಮ ರಿಲೇ ಮಿಸುಕಲಿಲ್ಲ, ಬೆಳಗಾವಿಯಲ್ಲೇ ಲೈನ್ ಬಂದಾಯಿತು, ಇವಳು ಬಂದವಳೇ ದೊಡ್ಡ ಕರೆಂಟನ್ನು ಅಳತೆಗೆ ಇಳಿಸುವ ಸಿ.ಟಿ.ಯನ್ನೇ ಹಿಡಿದುಕೊಂಡಳು—ಸಿ.ಟಿ. ಒಂದ ಆದ್ರೂ ಒಳಗ ಸುರುಳಿ ಎರಡು ಕಾಕಾ, ಮೀಟರಿಂದು ಕರೆಂಟ್ ಜಾಸ್ತಿ ಆತಂದ್ರ ಕೈ ಚೆಲ್ಲತೈತಿ, ರಿಲೇದ್ದು ಇಪ್ಪತ್ತು ಪಟ್ಟು ಬಂದ್ರೂ ಖರೇ ಹೇಳಬೇಕು, ಯಾರೋ ಅದಲಬದಲ ಮಾಡ್ಯಾರ, ತಂತಿ ಬಿಚ್ಚಿ ತಿರುಗಿ ಹಾಕಬೇಕು. ಯಾರೋ ಎನ್ನುವಾಗ ನನ್ನ ಕಡೆ ನೋಡಿದಳು, ನೋಡಿದಳೋ ಇಲ್ಲವೋ.

ಲೈನ್ ಚಾಲೂ ಇದೆ, ಬಂದ್ ಮಾಡಲು ಪರವಾನಗಿ ಸಿಕ್ಕಿಲ್ಲ, ಎರಡು ತಂತಿಗಳನ್ನು ಕೂಡಿಸುವ ಆ ಹಿತ್ತಾಳೆ ಪಟ್ಟಿ, ಲಿಂಕ್, ಅದಿಲ್ಲದೆ ಸ್ಕ್ರೂ ಸಡಿಲಿಸಿದರೆ ತಂತಿಯ ತುದಿಯಲ್ಲಿ ಸಾವಿರಾರು ವೋಲ್ಟ್ ಎದ್ದು ಕೂರುತ್ತದೆ, ಇವಳಿಗೆ ಗೊತ್ತು, ಇವಳ ಅಪ್ಪ ಸತ್ಯಪ್ಪನಿಗೂ ಗೊತ್ತಿತ್ತು—ಅನಗೋಳ ಸ್ಟೇಶನ್, ಎಂಬತ್ತೊಂಬತ್ತನೇ ಇಸವಿ, ಲಿಂಕ್ ಹಾಕಿಯೇನಲೇ ಸಿದ್ದ ಎಂದ ಅವನು, ಹಾಕೇನಪಾ ಎಂದೆ, ಹಾಕಿರಲಿಲ್ಲ, ಚಹಾ ಆರುತ್ತಿತ್ತು, ಅವನು ಸ್ಕ್ರೂಡ್ರೈವರ್ ಹುಡುಕುವಷ್ಟರಲ್ಲಿ ಹಾಕಿದರಾಯಿತು ಎಂದುಕೊಂಡೆ, ಅದು ಅವನ ಕೈಯಲ್ಲೇ ಇತ್ತು, ಆ ಕೈ ನೆಟ್ಟಗೆ ಸ್ಕ್ರೂ ಕಡೆಗೆ ಹೋಯಿತು. ಸತ್ಯಪ್ಪನದೇ ಅಜಾಗರೂಕತೆ ಎಂದು ಬರೆದರು, ಕೆಳಗೆ ನಾನು ಸಹಿ ಹಾಕಿದೆ. ಆದರೆ ಮೂರು ದಿನ ದವಾಖಾನೆಯಲ್ಲಿ ಜೀವ ಹಿಡಿದಿದ್ದ, ಈ ಹುಡುಗಿಯೇ ಬಾಜೂಕ ಕೂತಿದ್ದಳು, ಏನು ಹೇಳಿದನೋ, ಏನು ಕೇಳಿಸಿಕೊಂಡಳೋ, ಹನ್ನೊಂದು ವರ್ಷ ಕಾದು ಇವತ್ತು ನನ್ನ ಕೈಗೆ ಸ್ಕ್ರೂಡ್ರೈವರ್ ಕೊಟ್ಟಿದ್ದಾಳೆ. ಲಿಂಕ್ ಹಾಕಿದ್ದಾಳೋ, ನನ್ನ ಹಾಗೆ ಬರೀ ಹೇಳಿದ್ದಾಳೋ.

ಯಾಕ್ರಿ ಕಾಕಾ, ನಿಂತೇ ಬಿಟ್ರಿ? ಬ್ಯಾಟರಿ ಇಲ್ಲಿ ತಾ ಯವ್ವಾ ಎಂದೆ, ಅವಳೇನಂದುಕೊಂಡರೂ ಅಂದುಕೊಳ್ಳಲಿ, ಬಗ್ಗಿ ನೋಡಿದೆ—ಲಿಂಕ್ ಇದೆ, ಒಂದೊಂದೂ ಇದೆ, ಬೆರಳಿನಿಂದ ಒತ್ತಿದರೂ ಅಲುಗಾಡದಷ್ಟು ಬಿಗಿ. ಚೊಲೋ ಮಾಡಿದ್ರಿ ಕಾಕಾ, ನೋಡೇ ಬಿಚ್ಚಬೇಕು, ಅಪ್ಪ ನೋಡ್ಲಿಲ್ಲ, ಗೆಳ್ಯಾ ಹಾಕೇನಿ ಅಂದಾನ ಅಂತ ಬಿಚ್ಚಿಬಿಟ್ಟ. ಗೆಳೆಯ ಹಾಕಿದ್ದೇನೆಂದ ಎಂದು. ಹಾಗಾದರೆ ಹೇಳಿದ್ದಾನೆ, ಗೊತ್ತಿದೆ ಇವಳಿಗೆ, ಮೊದಲಿನಿಂದಲೂ ಗೊತ್ತಿದೆ, ಗೊತ್ತಿದ್ದೂ ನನಗೆ ಇಷ್ಟು ಬಿಗಿಯಾಗಿ ಹಾಕಿದ್ದಾಳೆ, ಬಿಚ್ರಿ ಕಾಕಾ ಎನ್ನುತ್ತಿದ್ದಾಳೆ, ಬಿಚ್ಚಲಾಗುತ್ತಿಲ್ಲ, ಕಣ್ಣ ಮುಂದೆ ಅವನ ಕೈ, ಲಿಂಕಿನ ಕಡೆ ನೋಡದೆ, ನನ್ನ ಮಾತೊಂದನ್ನೇ ನಂಬಿ, ಸ್ಕ್ರೂ ಕಡೆಗೆ ಹೋಗುತ್ತಿರುವ ಕೈ, ಆ ಕೈ—