ಸರತಿಯ ಬೆಂಚು

ನಾನು ಒಂದು ಬೆಂಚು. ಹುಬ್ಬಳ್ಳಿಯ ಬಡಿಗೇರ ಮೌನೇಶಪ್ಪ ಹಲಗೆಯ ಮೇಲೆ ಕೈಯಾಡಿಸಿ, "ಕುಂತವರಿಗೆ ಒಂದು ಸಿಬರೂ ಚುಚ್ಚಬಾರ್ದು ನೋಡ" ಎನ್ನುತ್ತಲೇ ನನ್ನನ್ನು ಮಾಡಿ ಮುಗಿಸಿದ. ಅಲ್ಲಿಂದ ನೇರ ವಾರ್ಡಿನ ಸರ್ಕಾರಿ ಆಸ್ಪತ್ರೆಗೆ ಬಂದೆ.

ಅಲ್ಲಿ ಚೀಟಿ ಗೀಟಿ ಇರಲಿಲ್ಲ, ನಾನೇ ಸರತಿ. ಡಾಕ್ಟರ ಬಾಗಿಲ ಕಡೆಯ ತುದಿಯಲ್ಲಿದ್ದವರು ಒಳಗೆ ಹೋದರೆ, ಉಳಿದವರು ಕೂತಲ್ಲೇ ಸರಿಯುತ್ತ ಮುಂದೆ ಬರುತ್ತಿದ್ದರು. ಧೋತರ, ಸೀರೆ, ಪ್ಯಾಂಟು ಉಜ್ಜಿ ಉಜ್ಜಿ ನನಗೆ ಹೊಳಪು ಬಂತು. ಸುಳ್ಳೇಕೆ, ಜಂಬವೂ ಬಂತು.

ಹುಲಿಗೆವ್ವ ಬಂದ ದಿನ ಆ ಜಂಬ ಇಳಿಯಿತು. ಅವಳು ಆಸ್ಪತ್ರೆಯಿದ್ದ ಓಣಿಯ ಗಟಾರ ಬಳಿಯುವವಳು. ಪುಟ್ಟ ಮಗಳು ರೇಖಾಳ ಕಿವಿ ಸೋರುತ್ತಿತ್ತು, ಮೈ ಸುಡುತ್ತಿತ್ತು. ನನ್ನ ಹಿಂದಿನ ತುದಿಯಲ್ಲಿ ಜಾಗವಿತ್ತು. ಹುಲಿಗೆವ್ವ ಅತ್ತ ನೋಡಿದ್ದೇ ತಡ, ಪಕ್ಕದಲ್ಲಿ ಕೂತಿದ್ದ ಕಿರಾಣಿ ಅಂಗಡಿಯ ಶಾಂತಕ್ಕ ಅಲ್ಲಿ ತನ್ನ ಚೀಲ ಇಟ್ಟಳು. ಹುಲಿಗೆವ್ವ ಮಗಳನ್ನು ತೊಡೆಗೆ ಹಾಕಿಕೊಂಡು ನೆಲದ ಮೇಲೆ ಕೂತಳು.

ನೆಲದಲ್ಲಿ ಕೂತವರಿಗೆ ಸರತಿಯಿಲ್ಲ. ಆಮೇಲೆ ಬಂದವರಿಗೆ ಚೀಲ ಏಳುತ್ತಿತ್ತು. ಅವರು ಸರಿಯುತ್ತ ಸರಿಯುತ್ತ ಒಳಗೆ ಹೋದರು. ಊಟದ ಹೊತ್ತಿಗೆ ನರ್ಸಮ್ಮ ಬಾಗಿಲು ಹಾಕುತ್ತ, "ಸರತಿ ಹಿಡೀಬೇಕವ್ವಾ, ನಾಳೆ ಬಾ" ಎಂದರು. ಮರುದಿನವೂ ಅದೇ ಕಥೆ, ಅದರ ಮರುದಿನವೂ ಅದೇ. ನಾನು ನಾಚಿಕೆಯಿಂದ ಭೂಮಿಗಿಳಿದುಹೋದೆ.

ದೊಡ್ಡ ಆಸ್ಪತ್ರೆಗೆ ಒಯ್ದ ಮೇಲೆ ರೇಖಾ ಉಳಿದಳು. ಎಡಗಿವಿ ಮಾತ್ರ ಹೋಯಿತು. ನನ್ನ ಮೇಲೆ ಕೂತೇ ಸುದ್ದಿ ಕೇಳಿದ ಶಾಂತಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

"ನಾ ಬರೇ ಚೀಲ ಇಟ್ಟಿದ್ನಲ್ರೀ..."

ನರ್ಸಮ್ಮ ಅಂದು ಊಟದ ಡಬ್ಬಿ ತೆರೆಯಲಿಲ್ಲ. ಆಮೇಲೆ ಅವರೇ ಹಟ ಹಿಡಿದು, ಬಂದವರಿಗೆಲ್ಲ ಬಾಗಿಲಲ್ಲೇ ನಂಬರಿನ ಚೀಟಿ ಕೊಡುವ ಪದ್ಧತಿ ತಂದರು. ವರ್ಷಗಳು ಕಳೆದು ಹೊಸ ಕುರ್ಚಿಗಳು ಬಂದಾಗ, ಕಾಲು ಸಡಿಲಾಗಿದ್ದ ನನ್ನನ್ನು ಪೌರಕಾರ್ಮಿಕರು ಹಾಜರಿ ಹಾಕುವ ಶೆಡ್ಡಿಗೆ ಸಾಗಿಸಿದರು.

ಇಲ್ಲಿ ಯಾರ ಅಡ್ಡಿಯೂ ಇಲ್ಲ. ಆದರೂ ಹುಲಿಗೆವ್ವ ಬುತ್ತಿಯನ್ನು ನನ್ನ ಮೇಲಿಟ್ಟು ತಾನು ನೆಲದಲ್ಲೇ ಕೂಡುತ್ತಾಳೆ. ಮೊನ್ನೆ ಕಾಲೇಜಿನಿಂದ ಬಂದ ರೇಖಾ ಧಡ್ಡನೆ ನನ್ನ ಮೇಲೆ ಕೂತಳು. ಅವಳ ಎಡಕ್ಕೆ, ಕೆಳಗೆ ಕೂತಿದ್ದ ತಾಯಿ ಏನೋ ಹೇಳಿದಳು.

"ಕೇಳವಲ್ದು ಬೇ ಯವ್ವಾ. ಮ್ಯಾಲೆ ಬಂದು ಈ ಕಡೆ ಕೂಡು."

"ನಂಗ ಇಲ್ಲೇ ರೂಢಿ ಐತಿ."

"ಕೇಳವಲ್ದು ಅಂದ್ನಲ್ಲ!"

ಹುಲಿಗೆವ್ವ ಎದ್ದಳು. ನನಗೆ ಕೊಳೆಯಾದೀತೆಂದು ಮೊದಲು ತನ್ನ ಸೀರೆ ಝಾಡಿಸಿಕೊಂಡಳು. ಮಗಳ ಬಲಕ್ಕೆ, ತುದಿಯಲ್ಲಿ ಮುದುಡಿ ಕೂತಳು. ನಾನು ಸಂತೋಷಪಡಬೇಕಿತ್ತು, ಆಗಲಿಲ್ಲ. ಅವಳಿಗೆ ಬೇಕಾದದ್ದು ಒಂದು ಗೇಣು ಜಾಗ. ಅಷ್ಟು ಅಂದೂ ನನ್ನಲ್ಲಿತ್ತು.